ಹಳೆಯ ಜೀಪಿನ ವಿದ್ಯುತ್ ರೋಗನಿದಾನ

ಮಲೆನಾಡಿನ ಮತ್ತು ಕೊಡಗಿನ ತೋಟಗಾರರಿಗೆ ಜೀಪು ಎಂಬುದು ಎತ್ತಿನ ಜೋಡಿಯಷ್ಟೇ ಸಹಜವಾದ ಒಡನಾಡಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ಹುಟ್ಟಿದ ಈ ವಾಹನವನ್ನು 1947ರಿಂದ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸಿ ಮಾರತೊಡಗಿದರು. ನಾಲ್ಕು ಚಕ್ರಗಳಿಗೂ ಇಂಜಿನ್ನಿನ ಬಲ ಒದಗುವುದರಿಂದ ಕೆಸರು, ಹಳ್ಳ, ಕಡಿದಾದ ಏರು ಯಾವುದೂ ಇದಕ್ಕೆ ಅಡ್ಡಿಯಲ್ಲ. ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವವು ಇಂದಿಗೂ ಜೀಪುಗಳೇ. ಇಂಥ ವಾಹನಗಳು ಕೈಯಿಂದ ಕೈಗೆ ಬದಲಾಗುತ್ತ ಇಪ್ಪತ್ತು ಮೂವತ್ತು ವರ್ಷ ದುಡಿಯುವುದುಂಟು. ಆದುದರಿಂದ ಹಳೆಯ ಜೀಪನ್ನು ಕೊಳ್ಳುವವನು ಅದರೊಂದಿಗೆ ಹಿಂದಿನ ಒಡೆಯರು ಮಾಡಿಸಿದ ರಿಪೇರಿಗಳನ್ನೂ, ಮಾಡಿಸದೆ ಬಿಟ್ಟ ರಿಪೇರಿಗಳನ್ನೂ ಒಟ್ಟಿಗೇ ಕೊಳ್ಳುತ್ತಾನೆ.

ಇವುಗಳಲ್ಲಿ ಬಹಳ ಪೀಡಿಸುವುದು ವಿದ್ಯುತ್ತಿನ ತೊಂದರೆ. ಬೆಳಿಗ್ಗೆ ಕೀಲಿ ತಿರುವಿದರೆ ಇಂಜಿನ್ ಗೊಣಗಿ ಸುಮ್ಮನಾಗುತ್ತದೆ. ನಾಲ್ಕು ಜನ ಸೇರಿ ತಳ್ಳಿದರೆ ಹೊರಡುತ್ತದೆ. ನೋಡಿದವರೆಲ್ಲರೂ “ಬ್ಯಾಟರಿ ಹೋಗಿದೆ” ಎನ್ನುತ್ತಾರೆ. ಹಲವು ಸಾವಿರ ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ ಮೇಲೆ ಕೆಲವು ದಿನ ಸುಖ. ಅನಂತರ ಮತ್ತೆ ಅದೇ ಗೊಣಗಾಟ. ತೋಟದ ಅಂಗಳದಲ್ಲಿ ಇದು ಬರಿಯ ಕಿರಿಕಿರಿ. ಜಡಿಮಳೆಯ ರಾತ್ರಿ ಕಾಡಿನ ನಡುವೆ, ಆಸ್ಪತ್ರೆಗೆ ಸಾಗಿಸಬೇಕಾದ ರೋಗಿ ಹಿಂದೆ ಮಲಗಿರುವಾಗ ಹೀಗಾದರೆ ಅದನ್ನು ಕಿರಿಕಿರಿ ಎನ್ನಲಾಗದು. ಒಂದೇ ಲಕ್ಷಣವು ಬೇರೆ ಬೇರೆ ರೋಗಗಳಿಂದ ಬರುತ್ತದೆ ಎಂಬುದೇ ಇಲ್ಲಿನ ತೊಡಕು. ಜ್ವರವನ್ನು ಕಂಡು ಮಲೇರಿಯವೋ ವಿಷಮಶೀತವೋ ಎಂದು ವೈದ್ಯನು ಪರೀಕ್ಷಿಸುವಂತೆ ಇಲ್ಲಿಯೂ ಪರೀಕ್ಷಿಸಬೇಕು. ಅದಕ್ಕೆ ಬೇಕಾದುದು ಕೆಲವು ನೂರು ರೂಪಾಯಿಗಳ ಒಂದು ಮಲ್ಟಿಮೀಟರ್ ಮತ್ತು ಪ್ರೌಢಶಾಲೆಯಲ್ಲಿ ಕಲಿತ ಓಮನ ನಿಯಮ.

ಮೊದಲು ಬ್ಯಾಟರಿಯ ಕೆಲಸವೇನೆಂಬುದನ್ನು ನೋಡೋಣ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದ ಸೀಸ-ಆಮ್ಲ ಕೋಶವೇ ಇಂದಿಗೂ ಜೀಪಿನ ಬ್ಯಾಟರಿಯ ಮೂಲ. ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ತನ್ನು ಕೊಡುವಾಗ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಹೊರಗಿನಿಂದ ಪ್ರವಾಹವನ್ನು ಹಿಮ್ಮುಖವಾಗಿ ಹರಿಸಿದರೆ ಕ್ರಿಯೆ ಹಿಂದಿರುಗಿ ಮೊದಲಿನ ಸ್ಥಿತಿ ಬರುತ್ತದೆ. ಪ್ರತಿಯೊಂದು ಕೋಶದ ವಿಭವಾಂತರ ಸುಮಾರು 2.1 ವೋಲ್ಟ್, ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 12.6 ವೋಲ್ಟ್. ನಾವು ಹನ್ನೆರಡು ವೋಲ್ಟಿನ ಬ್ಯಾಟರಿ ಎಂದು ಕರೆಯುವುದು ಇದನ್ನೇ. ಯುದ್ಧಕಾಲದ ಮೂಲ ಜೀಪುಗಳಲ್ಲಿ ಇದ್ದುದು 6 ವೋಲ್ಟಿನ ವ್ಯವಸ್ಥೆ. ಸೇನೆಯ ಕೆಲವು ವಾಹನಗಳಲ್ಲಿ 24 ವೋಲ್ಟ್ ಉಂಟು. ಅಂಥವುಗಳಲ್ಲಿ ಮುಂದೆ ಹೇಳುವ ಅಂಕಿಗಳನ್ನು ಅರ್ಧಿಸಿಯೋ ಇಮ್ಮಡಿಸಿಯೋ ನೋಡಿಕೊಳ್ಳಬಹುದು.

ಬ್ಯಾಟರಿ ಕಣಜವಿದ್ದಂತೆ, ಅದು ಬೆಳೆಯುವುದಿಲ್ಲ, ಕೂಡಿಡುತ್ತದೆ. ಬೆಳೆಯುವ ಗದ್ದೆ ಆಲ್ಟರ್ನೇಟರ್. ಇಂಜಿನ್ ಓಡುತ್ತಿರುವಷ್ಟು ಹೊತ್ತು ದೀಪ, ಹಾರನ್ನು, ಮಳೆ ಒರೆಸುವ ವೈಪರು ಎಲ್ಲದರ ಖರ್ಚನ್ನೂ ಅದೇ ಹೊತ್ತು, ಮಿಕ್ಕುದನ್ನು ಕಣಜಕ್ಕೆ ತುಂಬುತ್ತದೆ.

ಇಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ, ಅಂದರೆ ಜನರ ಬಾಯಲ್ಲಿ ‘ಸೆಲ್ಫ್’ ಎನಿಸಿಕೊಂಡಿರುವುದಕ್ಕೆ, ಬ್ಯಾಟರಿಯ ಬಹುಪಾಲು ಖರ್ಚಾಗುತ್ತದೆಂದು ಸಾಮಾನ್ಯವಾಗಿ ನಂಬಿಕೆ. ಲೆಕ್ಕ ಹಾಕಿ ನೋಡೋಣ. ಮೋಟಾರು 200 ಆಂಪಿಯರ್ ಪ್ರವಾಹವನ್ನು 5 ಸೆಕೆಂಡು ಎಳೆಯಿತೆನ್ನಿ. ಖರ್ಚಾದ ವಿದ್ಯುದಾವೇಶ 1000 ಕೂಲಂಬ್. 60 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 2,16,000 ಕೂಲಂಬ್. ಅಂದರೆ ಒಂದು ಸಲ ಸ್ಟಾರ್ಟ್ ಮಾಡಲು ಬೇಕಾದುದು ಕಣಜದ ನೂರರಲ್ಲಿ ಅರ್ಧ ಪಾಲೂ ಅಲ್ಲ! ಹಾಗಾದರೆ ಅರ್ಧ ತುಂಬಿದ ಬ್ಯಾಟರಿಯೂ ಕೆಲವೊಮ್ಮೆ ಸೋಲುವುದೇಕೆ? ಕಣಜದಲ್ಲಿ ಎಷ್ಟಿದೆ ಎಂಬುದೊಂದೇ ಅಲ್ಲ, ಅದರ ಬಾಯಿ ಎಷ್ಟು ಅಗಲ ಎಂಬುದೂ ಮುಖ್ಯ. ಬಾಯಿ ಕಿರಿದಾದರೆ ಒಳಗೆ ಭತ್ತವಿದ್ದರೂ ಬೇಕಾದ ವೇಗದಲ್ಲಿ ಹೊರಬಾರದು. ಬ್ಯಾಟರಿಯ ವಿಷಯದಲ್ಲಿ ಈ ಬಾಯಿಯ ಕಿರಿತನಕ್ಕೆ ಆಂತರಿಕ ರೋಧ ಎಂದು ಹೆಸರು. ತುಂಬಿರುವಿಕೆ ಮತ್ತು ಬಾಯಿಯ ಅಗಲ ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ತುಂಬಿರುವಿಕೆಯನ್ನು ಅಳೆಯುವುದು ಸುಲಭ. ರಾತ್ರಿಯಿಡೀ ನಿಂತ ಜೀಪಿನ ಬ್ಯಾಟರಿಯ ಎರಡು ಧ್ರುವಗಳಿಗೆ ಮೀಟರಿನ ತಂತಿಗಳನ್ನು ತಾಗಿಸಿ. 12.6 ಅಥವಾ ಸ್ವಲ್ಪ ಹೆಚ್ಚು ಕಂಡರೆ ಅದು ತುಂಬಿದೆ. 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲುಪಾಲು ಮಾತ್ರ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸುತ್ತಿದೆ, ಸರಿಯಾಗಿಯೇ ಇದೆಯಲ್ಲ ಎಂದು ಸಮಾಧಾನಪಡುವವರು ಇದನ್ನು ಗಮನಿಸಬೇಕು. 10.5ರ ಆಸುಪಾಸಿನಲ್ಲಿ ನಿಂತು, ಎಷ್ಟು ಚಾರ್ಜ್ ಮಾಡಿದರೂ ಮೇಲೇರದಿದ್ದರೆ ಆರರಲ್ಲಿ ಒಂದು ಕೋಶ ಸತ್ತಿದೆಯೆಂದೇ ತಿಳಿಯಬಹುದು. ಆದರೆ ಆಗತಾನೆ ಓಡಿ ಬಂದ ಜೀಪನ್ನು ಅಳೆದರೆ ಮೋಸಹೋಗುತ್ತೇವೆ; ಫಲಕಗಳ ಮೇಲ್ಮೈಯಲ್ಲಷ್ಟೇ ಇರುವ ಆವೇಶವು ವಿಭವಾಂತರವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಕಾಯಲು ಸಮಯವಿಲ್ಲದಿದ್ದರೆ ಇಂಜಿನ್ ನಿಲ್ಲಿಸಿ ಎರಡು ನಿಮಿಷ ಮುಂದೀಪಗಳನ್ನು ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಬೇಕು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಒಳ್ಳೆಯ ಸಾಕ್ಷಿ. ತುಂಬಿದ ಕೋಶದಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.26, ಬರಿದಾದಾಗ 1.12ರ ಹತ್ತಿರ. ಐದು ಕೋಶಗಳು ಒಂದೇ ಸಮನಿದ್ದು ಆರನೆಯದು ಬಹಳ ಕೆಳಗಿದ್ದರೆ ಅಲ್ಲಿಗೆ ವಿಚಾರಣೆ ಮುಗಿಯಿತು.

ಇನ್ನು ಬಾಯಿಯ ಅಗಲ. ಒಬ್ಬರು ಸೆಲ್ಫ್ ತಿರುಗಿಸುತ್ತಿರುವಾಗ ಇನ್ನೊಬ್ಬರು ಅದೇ ಎರಡು ಧ್ರುವಗಳ ನಡುವೆ ಮೀಟರನ್ನು ನೋಡತಕ್ಕದ್ದು. ಗಟ್ಟಿಮುಟ್ಟಾದ ಬ್ಯಾಟರಿಯ ಆಂತರಿಕ ರೋಧ 0.008 ಓಮ್ ಎಂದಿಟ್ಟುಕೊಂಡರೆ 200 ಆಂಪಿಯರ್ ಹರಿಯುವಾಗ ಒಳಗೇ ಕಳೆದುಹೋಗುವುದು 1.6 ವೋಲ್ಟ್, ಹೊರಗೆ 11 ವೋಲ್ಟ್ ಉಳಿಯುತ್ತದೆ. ತಿಂಗಳುಗಟ್ಟಲೆ ಅರೆಬರಿದಾಗಿ ಬಿದ್ದಿದ್ದ ಬ್ಯಾಟರಿಯಲ್ಲಿ ಸೀಸದ ಸಲ್ಫೇಟ್ ಗಡುಸಾದ ಹರಳಾಗಿ ಕುಳಿತು ರೋಧವನ್ನು ನಾಲ್ಕುಪಟ್ಟು ಏರಿಸಿದ್ದರೆ ಅದು ಅಷ್ಟು ಪ್ರವಾಹವನ್ನು ಕೊಡಲಾರದೆ 7 ಅಥವಾ 8 ವೋಲ್ಟಿಗೆ ಕುಸಿಯುತ್ತದೆ. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ ನಿಂತ ಜೀಪುಗಳ ಗತಿ ಬಹುಮಟ್ಟಿಗೆ ಇದೇ. ಸಾಮಾನ್ಯವಾಗಿ ನಮ್ಮ ಹವೆಯಲ್ಲಿ 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಮೊದಲು 12.6 ತೋರಿಸಿ ಸೆಲ್ಫ್ ತಿರುಗುವಾಗ ಕುಸಿದರೆ ಬ್ಯಾಟರಿಯೇ ಅಪರಾಧಿ. ಮೊದಲೇ 12.0 ಇದ್ದು ಕುಸಿದರೆ ತೀರ್ಪು ಕೊಡುವ ಮುನ್ನ ಅದನ್ನು ಪೂರ್ತಿ ಚಾರ್ಜ್ ಮಾಡಿಸಿ ಮತ್ತೊಮ್ಮೆ ನೋಡುವುದು ನ್ಯಾಯ.

ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೂ ಬ್ಯಾಟರಿಯ ವಿಭವಾಂತರ ಕುಸಿಯದೆ 11.9ರಲ್ಲಿ ನಿಂತರೆ? ಇದೇ ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ. ಹಳೆಯ ಜೀಪುಗಳಲ್ಲಿ ಹಣ ವ್ಯರ್ಥವಾಗುವುದು ಮುಖ್ಯವಾಗಿ ಇಲ್ಲಿಯೇ. ನಮ್ಮ ಪರಿಚಿತರಾದ ಕಾಫಿ ಬೆಳೆಗಾರರೊಬ್ಬರು ಒಂದೇ ವರ್ಷದಲ್ಲಿ ಎರಡು ಬ್ಯಾಟರಿಗಳನ್ನೂ ಒಂದು ಸ್ಟಾರ್ಟರ್ ಮೋಟಾರನ್ನೂ ಬದಲಿಸಿದ್ದರು. ಕಾಯಿಲೆ ಮಾತ್ರ ಹಾಗೆಯೇ ಇತ್ತು. ನಾವು ಕಾಲೇಜಿನ ಪ್ರಯೋಗಶಾಲೆಯ ಮೀಟರನ್ನು ಒಯ್ದು ನೋಡಿದಾಗ ಬ್ಯಾಟರಿ ನಿರ್ದೋಷಿಯೆಂದು ಕೂಡಲೇ ತಿಳಿಯಿತು. ಅನಂತರ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣಧ್ರುವಕ್ಕೆ, ಇನ್ನೊಂದನ್ನು ಇಂಜಿನ್ನಿನ ಬೋಳು ಲೋಹಕ್ಕೆ ಒತ್ತಿ ಹಿಡಿದು ಸೆಲ್ಫ್ ತಿರುಗಿಸಿದೆವು. ಇವೆರಡೂ ಒಂದೇ ತಂತಿಯ ಎರಡು ಕೊನೆಗಳಿದ್ದಂತೆ. ಅಲ್ಲಿ ಹೆಚ್ಚೆಂದರೆ 0.2 ವೋಲ್ಟ್ ಕಾಣಬೇಕು. ಕಂಡುದು 3 ವೋಲ್ಟ್! ಹನ್ನೆರಡರಲ್ಲಿ ಮೂರು ವೋಲ್ಟ್ ಮೋಟಾರನ್ನು ತಲುಪದೆ ದಾರಿಯಲ್ಲಿಯೇ ಸೋರಿಹೋಗುತ್ತಿತ್ತು.

ಜೀಪಿನಲ್ಲಿ ಪ್ರವಾಹವು ಧನಧ್ರುವದಿಂದ ದಪ್ಪ ತಂತಿಯಲ್ಲಿ ಹೋಗಿ, ಹಿಂದಿರುಗುವಾಗ ವಾಹನದ ಲೋಹದ ಮೈಯನ್ನೇ ದಾರಿಯಾಗಿ ಮಾಡಿಕೊಳ್ಳುತ್ತದೆ. ಇಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಅದನ್ನು ಚಾಸಿಗೆ ಜೋಡಿಸಲು ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಗ್ಯಾರೇಜಿನವರು ಇದಕ್ಕೆ ಅರ್ಥ್ ಪಟ್ಟಿ ಎನ್ನುತ್ತಾರೆ. ಕೆಸರು, ಹಳ್ಳದ ನೀರು, ಕಲ್ಲುದಾರಿಯ ಅಲುಗಾಟ ಇವು ಮೂರೂ ಮೊದಲು ಹಾಳುಮಾಡುವುದು ಈ ಪಟ್ಟಿಯ ಬೋಲ್ಟುಗಳನ್ನು. ಬೋಲ್ಟಿನ ಕೆಳಗೆ ತುಕ್ಕು ಕೂತು ಕೇವಲ 0.02 ಓಮ್ ರೋಧ ಬಂದರೂ 150 ಆಂಪಿಯರ್ ಹರಿಯುವಾಗ 3 ವೋಲ್ಟ್ ನಷ್ಟ. ಕಳೆದುಹೋದ ಶಕ್ತಿ 450 ವಾಟ್, ಒಂದು ಸಣ್ಣ ಇಸ್ತ್ರಿ ಪೆಟ್ಟಿಗೆಯಷ್ಟು. ಬೋಲ್ಟನ್ನು ಮುಟ್ಟಿ ನೋಡಿದರೆ ನಿಜವಾಗಿಯೂ ಬಿಸಿಯಾಗಿತ್ತು. ಇದೇ ರೋಧದ ಮೂಲಕ 5 ಆಂಪಿಯರಿನ ಮುಂದೀಪ ಉರಿದರೆ ನಷ್ಟ 0.1 ವೋಲ್ಟ್ ಮಾತ್ರ. ಕಣ್ಣಿಗೆ ಏನೂ ತಿಳಿಯದು. ದೀಪ ಚೆನ್ನಾಗಿ ಉರಿಯುತ್ತಿದೆ, ಆದುದರಿಂದ ಸಂಪರ್ಕಗಳೆಲ್ಲ ಸರಿಯಾಗಿವೆ ಎಂಬ ವಾದ ಎಷ್ಟು ಪೊಳ್ಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: ಮೀಟರಿನಲ್ಲಿ ಓಮ್ ಅಳೆಯುವ ಸ್ಥಾನವೇ ಇರುವಾಗ ನೇರವಾಗಿ ರೋಧವನ್ನೇ ಏಕೆ ಅಳೆಯಬಾರದು? ಏಕೆಂದರೆ ಮೀಟರಿನ ಸ್ವಂತ ತಂತಿಗಳ ರೋಧವೇ ಇದರ ಹಲವು ಪಟ್ಟು. 0.02 ಓಮ್ ಅದರ ಕಣ್ಣಿಗೆ ಸೊನ್ನೆಯೇ. ಆ ಜೀಪನ್ನು ಮೊದಲು ಪರೀಕ್ಷಿಸಿದ್ದವರು ಹಾಗೆ ಸೊನ್ನೆಯನ್ನು ಕಂಡೇ ತಂತಿಗಳು ಸರಿಯಾಗಿವೆ ಎಂದಿದ್ದರು. ದೊಡ್ಡ ಪ್ರವಾಹ ಹರಿಯುತ್ತಿರುವಾಗ ವಿಭವಾಂತರವನ್ನು ಅಳೆಯುವುದೊಂದೇ ಸರಿಯಾದ ಮಾರ್ಗ. ಧನಧ್ರುವ ಮತ್ತು ಸ್ಟಾರ್ಟರಿನ ದಪ್ಪ ತಿರುಪಿನ ನಡುವೆಯೂ ಹೀಗೆಯೇ ನೋಡಬೇಕು. ಅಲ್ಲಿ ಅರ್ಧ ವೋಲ್ಟಿನವರೆಗೆ ಕ್ಷಮಿಸಬಹುದು. ಅರ್ಥ್ ಪಟ್ಟಿ ಪೂರ್ತಿ ಕಡಿದಿದ್ದರೆ ಪ್ರವಾಹವು ಆಕ್ಸಿಲರೇಟರಿನ ಉಕ್ಕಿನ ತಂತಿಯ ಮೂಲಕ ಹಿಂದಿರುಗಲು ಯತ್ನಿಸಿ ಅದನ್ನು ಸುಡುವುದೂ ಉಂಟು. ಮೇಲೆ ಹೇಳಿದ ಜೀಪಿಗೆ ಆದ ಚಿಕಿತ್ಸೆ ಒಂದು ಹಾಳೆ ಉಪ್ಪುಕಾಗದ, ಒಂದು ಹೊಸ ಪಟ್ಟಿ, ಸ್ವಲ್ಪ ಗ್ರೀಸು.

ಕಣಜವೂ ಸರಿಯಾಗಿದ್ದು ದಾರಿಯೂ ಸರಿಯಾಗಿದ್ದರೆ ಗದ್ದೆಯ ಕಡೆ ನೋಡಬೇಕು. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಡೈನಮೋವಿಗೂ ಆಲ್ಟರ್ನೇಟರಿಗೂ ಆಧಾರ. ಹಳೆಯ ಜೀಪುಗಳಲ್ಲಿ ಡೈನಮೋ ಇತ್ತು. ಅದರಲ್ಲಿ ತಿರುಗುವುದು ಭಾರವಾದ ಸುರುಳಿ, ನಿಂತಿರುವುದು ಕಾಂತ. ಆಲ್ಟರ್ನೇಟರಿನಲ್ಲಿ ಇದು ತಿರುವುಮುರುವು. ತಿರುಗುವುದು ವಿದ್ಯುತ್ಕಾಂತ, ನಿಂತಿರುವವು ಮೂರು ಸುರುಳಿಗಳು. ಹುಟ್ಟುವ ಪರ್ಯಾಯ ಪ್ರವಾಹವನ್ನು ಸಿಲಿಕಾನ್ ಡಯೋಡುಗಳು ಒಮ್ಮುಖಗೊಳಿಸುತ್ತವೆ. ಅಗ್ಗದ ಡಯೋಡುಗಳು ದೊರೆತ ಮೇಲೆ, 1960ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆಯವರು ವೇಲಿಯಂಟ್ ಕಾರಿನಲ್ಲಿ ಇದನ್ನು ಅಳವಡಿಸಿದರು. ಅನಂತರ ಡೈನಮೋ ಕ್ರಮೇಣ ಮರೆಯಾಯಿತು.

ಇಂಜಿನ್ನನ್ನು ಸ್ವಲ್ಪ ಜೋರಾಗಿ ಓಡಿಸಿ ಬ್ಯಾಟರಿಯ ಧ್ರುವಗಳ ನಡುವೆ ಅಳೆದರೆ 13.8ರಿಂದ 14.5 ವೋಲ್ಟ್ ಕಾಣಬೇಕು. ಇಂಜಿನ್ ನಿಂತಿದ್ದಾಗ ಇದ್ದುದಕ್ಕಿಂತ ಏನೂ ಏರದಿದ್ದರೆ ಗದ್ದೆಯಲ್ಲಿ ಬೆಳೆಯಿಲ್ಲ. 15ನ್ನು ದಾಟಿದರೆ ನಿಯಂತ್ರಕ ಕೆಟ್ಟಿದೆ. ಆಮ್ಲದ ನೀರು ಕುದಿದಂತೆ ಗುಳ್ಳೆಯೆದ್ದು ಆರಿಹೋಗುತ್ತದೆ, ಬಲ್ಬುಗಳು ಒಂದಾದ ಮೇಲೊಂದು ಸುಡುತ್ತವೆ. ಬೆಳೆಯಿಲ್ಲದಿದ್ದಾಗ ಮೊದಲು ಬೆಲ್ಟನ್ನು ನೋಡಬೇಕು, ಅದಕ್ಕೆ ಖರ್ಚೇ ಇಲ್ಲ. ಮೈ ಗಾಜಿನಂತೆ ನುಣುಪಾಗಿದ್ದರೆ, ಅಥವಾ ಒದ್ದೆಯಾದಾಗ ಕಿರುಚುತ್ತಿದ್ದರೆ ಬೆಲ್ಟು ಜಾರುತ್ತಿದೆ.

ಮುಂದಿನ ಸಾಕ್ಷಿ ಡ್ಯಾಶ್‌ಬೋರ್ಡಿನ ಕೆಂಪು ದೀಪ. ಅನೇಕ ಜೀಪುಗಳಲ್ಲಿ ಇದು ಬರಿಯ ಎಚ್ಚರಿಕೆಯ ದೀಪವಲ್ಲ. ಕೀಲಿ ತಿರುವಿದಾಗ ಬ್ಯಾಟರಿಯಿಂದ ಇದರ ಮೂಲಕವೇ ಅಲ್ಪ ಪ್ರವಾಹ ಹರಿದು, ತಿರುಗುವ ವಿದ್ಯುತ್ಕಾಂತಕ್ಕೆ ಮೊದಲ ಕಾಂತತೆಯನ್ನು ಕೊಡುತ್ತದೆ. ಆಲ್ಟರ್ನೇಟರ್ ದುಡಿಯತೊಡಗಿದ ಮೇಲೆ ದೀಪದ ಎರಡು ಕಡೆಯೂ ವಿಭವ ಒಂದೇ ಆಗುವುದರಿಂದ, ಸಮತೋಲಕ್ಕೆ ಬಂದ ವೀಟ್‌ಸ್ಟನ್ ಸೇತುವೆಯಲ್ಲಿ ಗ್ಯಾಲ್ವನೋಮೀಟರ್ ಸುಮ್ಮನಾಗುವಂತೆ, ದೀಪ ಆರುತ್ತದೆ. ಕೀಲಿ ತಿರುವಿದಾಗ ಈ ದೀಪ ಹೊತ್ತಲೇ ಇಲ್ಲವೆಂದರೆ ಎಲ್ಲವೂ ಸುಖವಾಗಿದೆ ಎಂದು ಅರ್ಥವಲ್ಲ. ಬಲ್ಬು ಸುಟ್ಟಿರಬೇಕು, ಇಲ್ಲವೆ ಆಲ್ಟರ್ನೇಟರಿನ ಕಾರ್ಬನ್ ಬ್ರಷ್ ಸವೆದಿರಬೇಕು. ಹಲವು ಸಲ ಕೆಲವು ರೂಪಾಯಿಗಳ ಬಲ್ಬೇ ಚಾರ್ಜ್ ಆಗದಿರಲು ಕಾರಣ. ಕಾಂತತೆ ಬಂದಿದೆಯೇ ಎಂದು ನೋಡಲು ಸುಲಭ ಉಪಾಯವುಂಟು. ಇಂಜಿನ್ ನಿಲ್ಲಿಸಿ, ಕೀಲಿಯನ್ನು ಮಾತ್ರ ತಿರುವಿ, ಉಕ್ಕಿನ ಸ್ಕ್ರೂಡ್ರೈವರನ್ನು ಆಲ್ಟರ್ನೇಟರಿನ ಹಿಂಬದಿಯ ಬೇರಿಂಗಿನ ಬಳಿಗೆ ಒಯ್ದರೆ ಅದು ಎಳೆದುಕೊಳ್ಳಬೇಕು. ಎಳೆಯದಿದ್ದರೆ ಬ್ರಷ್ಷನ್ನೂ ನಿಯಂತ್ರಕವನ್ನೂ ಬಿಚ್ಚಿ ನೋಡತಕ್ಕದ್ದು. ಹಳ್ಳ ದಾಟುವ ಜೀಪುಗಳಲ್ಲಿ ನವುರಾದ ಕೆಸರು ಒಳಸೇರಿ ಬ್ರಷ್ಷು ತನ್ನ ಗೂಡಿನಲ್ಲಿಯೇ ಸಿಕ್ಕಿಕೊಳ್ಳುವುದು ಸಾಮಾನ್ಯ. ಕೆಟ್ಟಿರುವುದು ಇಷ್ಟೇ ಆದರೆ ಇಡೀ ಆಲ್ಟರ್ನೇಟರನ್ನು ಬದಲಿಸಬೇಕಾಗಿಲ್ಲ.

ಡಯೋಡಿನ ದೋಷ ಇನ್ನೂ ಗೂಢ. ಆರರಲ್ಲಿ ಒಂದು ಕೆಟ್ಟರೂ ಆಲ್ಟರ್ನೇಟರ್ ಕುಂಟುತ್ತ ದುಡಿಯುತ್ತದೆ, ವಿಭವಾಂತರ 13.5ರಷ್ಟು ಕಾಣಿಸಿ ನಮ್ಮನ್ನು ನಂಬಿಸುತ್ತದೆ. ಇಂಜಿನ್ ಓಡುತ್ತಿರುವಾಗ ಮೀಟರನ್ನು ಪರ್ಯಾಯ ಪ್ರವಾಹದ ಸ್ಥಾನಕ್ಕೆ ತಿರುಗಿಸಿ ಬ್ಯಾಟರಿಯಲ್ಲಿ ಅಳೆದರೆ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣುವುದೇ ಇದರ ಗುರುತು. ಕೆಲವು ಅಗ್ಗದ ಮೀಟರುಗಳು ಆ ಸ್ಥಾನದಲ್ಲಿಯೂ ಒಮ್ಮುಖ ವಿಭವಾಂತರವನ್ನೇ ತೋರಿಸುವುದರಿಂದ, ಇಂಜಿನ್ ನಿಂತಿರುವಾಗ ಮೊದಲು ಪರೀಕ್ಷಿಸಿಕೊಳ್ಳುವುದು ಲೇಸು.

ಇಲ್ಲಿ ಒಂದು ಹಳೆಯ ಅಭ್ಯಾಸವನ್ನು ಖಂಡಿಸಲೇಬೇಕು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಿತ್ತು, ಇಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಾಗಿದೆ ಎಂದು ತೀರ್ಮಾನಿಸುವ ಪರೀಕ್ಷೆ ಡೈನಮೋ ಕಾಲದ ಉಳಿಕೆ. ಆಲ್ಟರ್ನೇಟರಿನಲ್ಲಿ ಹೀಗೆ ಮಾಡಿದರೆ, ತುಂಬಿಕೊಳ್ಳುತ್ತಿದ್ದ ಕಣಜ ಏಕಾಏಕಿ ಇಲ್ಲವಾಗಿ, ಸುರುಳಿಯ ಕಾಂತಕ್ಷೇತ್ರದಲ್ಲಿದ್ದ ಶಕ್ತಿ ಹಲವು ಹತ್ತು ವೋಲ್ಟುಗಳ ಆಘಾತವಾಗಿ ಡಯೋಡುಗಳ ಮೇಲೆರಗುತ್ತದೆ. ಕೆಡದಿದ್ದ ಆಲ್ಟರ್ನೇಟರನ್ನು ಪರೀಕ್ಷೆಯೇ ಕೆಡಿಸಿದಂತಾಯಿತು. ಜೊತೆಗೆ ಬ್ಯಾಟರಿಯಿಂದ ಏಳುವ ಜಲಜನಕ ಗಾಳಿಯಲ್ಲಿ ನೂರಕ್ಕೆ 4ರಷ್ಟು ಬೆರೆತರೂ ಒಂದು ಕಿಡಿಗೆ ಸಿಡಿಯುತ್ತದೆ, ಆಮ್ಲ ಮುಖಕ್ಕೆ ಎರಚುತ್ತದೆ.

ಎಲ್ಲ ಅಂಗಗಳೂ ನೆಟ್ಟಗಿದ್ದು ಬ್ಯಾಟರಿ ಬರಿದಾಗುವ ಸಂದರ್ಭಗಳು ಎರಡುಂಟು. ಮೊದಲನೆಯದು ಸೋರಿಕೆ. ಯಾರೋ ಜೋಡಿಸಿದ ಹೆಚ್ಚಿನ ದೀಪದ ತಂತಿಯ ಹೊದಿಕೆ ಸವೆದು, ಇಲ್ಲವೆ ಒಂದು ಡಯೋಡ್ ಸೋರಿ, ವಾಹನ ನಿಂತಿರುವಾಗ ಅರ್ಧ ಆಂಪಿಯರ್ ಹರಿಯುತ್ತಿದ್ದರೆ 60 ಆಂಪಿಯರ್-ಗಂಟೆಯ ಬ್ಯಾಟರಿ ಐದು ದಿನಗಳಲ್ಲಿ ಪೂರ್ತಿ ಬರಿದು. ಶನಿವಾರ ನಿಲ್ಲಿಸಿದ ಜೀಪು ಮಂಗಳವಾರದ ಹೊತ್ತಿಗೆ ಅರೆಜೀವವಾಗಿರುತ್ತದೆ. ಎಲ್ಲವನ್ನೂ ಆರಿಸಿ, ಋಣಧ್ರುವದ ತಂತಿಯನ್ನು ಕಳಚಿ, ಧ್ರುವಕ್ಕೂ ತಂತಿಗೂ ನಡುವೆ ಆಂಪಿಯರ್ ಸ್ಥಾನದಲ್ಲಿ ಮೀಟರನ್ನು ಸೇರಿಸಿದರೆ 0.05ಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸನ್ನು ಕಿತ್ತು ನೋಡುತ್ತ ಕಳ್ಳನನ್ನು ಹಿಡಿಯಬಹುದು. ಆ ಸ್ಥಿತಿಯಲ್ಲಿ ಮಾತ್ರ ಮರೆತೂ ಸೆಲ್ಫ್ ತಿರುಗಿಸಬಾರದು, ಮೀಟರು ಉಳಿಯದು.

ಎರಡನೆಯದು ಆಯವ್ಯಯದ ಪ್ರಶ್ನೆ. ಆಲ್ಟರ್ನೇಟರಿನ ಮೇಲೆ ಬರೆದಿರುವ 45 ಆಂಪಿಯರ್ ವೇಗವಾಗಿ ಓಡುವಾಗಿನ ಮಾತು. ಕಡಿದಾದ ಏರಿನಲ್ಲಿ ಆಮೆಯಂತೆ ತೆವಳುವಾಗ ಅದರ ಅರ್ಧವೂ ಹುಟ್ಟದಿರಬಹುದು. ಮುಂದೀಪಗಳಿಗೆ 10 ಆಂಪಿಯರ್, ಶೋಕಿಗೆ ಹಾಕಿಸಿದ 55 ವಾಟಿನ ನಾಲ್ಕು ದೀಪಗಳಿಗೆ 18, ವೈಪರಿಗೆ ನಾಲ್ಕಾರು. ಕೊರತೆಯನ್ನು ಕಣಜವೇ ತುಂಬಬೇಕು. ಕೆಸರಿನಿಂದ ಎಳೆಯುವ ವಿದ್ಯುತ್ ವಿಂಚ್ 300 ಆಂಪಿಯರನ್ನು ಎರಡೇ ನಿಮಿಷ ಎಳೆದರೂ 10 ಆಂಪಿಯರ್-ಗಂಟೆ ಖರ್ಚಾಗುತ್ತದೆ, ಅಂದರೆ ಮೂವತ್ತಾರು ಸಲ ಸ್ಟಾರ್ಟ್ ಮಾಡಿದಷ್ಟು. ಇಂಥ ಜೀಪಿನಲ್ಲಿ ಕೆಟ್ಟಿರುವುದೇನೂ ಇಲ್ಲ. ದೀಪಗಳನ್ನು ಕಡಿಮೆ ಮಾಡಬೇಕು, ಇಲ್ಲವೆ ದೊಡ್ಡ ಆಲ್ಟರ್ನೇಟರ್ ಹಾಕಿಸಬೇಕು.

ಹಳೆಯ ಜೀಪನ್ನು ಕೊಳ್ಳಲು ಹೋದಾಗ ಈ ಪರೀಕ್ಷೆಗಳಿಗೆಲ್ಲ ಅರ್ಧ ಗಂಟೆ ಸಾಕು. ಮಾರುವವರು ನಾವು ಬರುವ ಮುನ್ನವೇ ಇಂಜಿನ್ ಬಿಸಿಮಾಡಿ ಇಟ್ಟಿರುವುದುಂಟು. ಆದುದರಿಂದ ಮೊದಲು ಬಾನೆಟ್ಟನ್ನು ಮುಟ್ಟಿ ನೋಡಬೇಕು, ಬಿಸಿಯಿದ್ದರೆ ಇನ್ನೊಂದು ಬೆಳಿಗ್ಗೆ ಬರುವುದಾಗಿ ಹೇಳಬೇಕು. ತಣ್ಣಗಿದ್ದರೆ ನಿಂತಾಗ, ಸೆಲ್ಫ್ ತಿರುಗುವಾಗ, ಓಡುವಾಗ ಹೀಗೆ ಮೂರು ಸಲ ವಿಭವಾಂತರವನ್ನು ಅಳೆದು ಕಾಗದದಲ್ಲಿ ಬರೆದುಕೊಂಡು, ಅರ್ಥ್ ಪಟ್ಟಿಯ ಅಳತೆಯನ್ನೂ ಸೇರಿಸಿದರೆ ಬೆಲೆಯ ಮಾತಿಗೆ ಕೂರಬಹುದು. ಮುಂದೀಪಗಳನ್ನು ಉರಿಸಿ ಇಂಜಿನ್ನನ್ನು ಜೋರು ಮಾಡಿದಾಗಲೂ 13.5ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರಿನ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ದೋಷ ಬೋಲ್ಟಿನಲ್ಲಿದ್ದರೆ ಮಾರುವವರ ಮುಂದೆಯೇ ಉಜ್ಜಿ ಬಿಗಿದು ಮತ್ತೊಮ್ಮೆ ಅಳೆದು ನೋಡಬಹುದು. ಒಂದು ಸ್ಪ್ಯಾನರನ್ನೂ ಒಂದು ತುಂಡು ಉಪ್ಪುಕಾಗದವನ್ನೂ ಜೇಬಿನಲ್ಲಿ ಒಯ್ದಿದ್ದರೆ ಸಾಕು.